ಇದೆಂತ ಎಂದು ಕೇಳದ ಭಾನುವಾರಗಳು

ಎರಡು ವರ್ಷ ಹಿಂದಿನ ಜೂನ್ ತಿಂಗಳು. ನಮ್ಮ ಮನೆಯ ಜಗಲಿಯಲ್ಲಿ ಆರು ಮಕ್ಕಳು ಕೂತಿದ್ದರು. ಎಲ್ಲರ ಕೈಯಲ್ಲೂ ಹೊಸ ಬ್ರಷ್. ಕಾಸರಗೋಡು ಪೇಟೆಗೆ ಹೋಗಿ ನಾನೇ ಆರಿಸಿ ತಂದದ್ದು. ನಾಲ್ಕು ವರ್ಷದ ಒಬ್ಬ ಹುಡುಗ ಬಹಳ ಹೊತ್ತು ಬಗ್ಗಿಕೊಂಡು ಬಣ್ಣ ಹಚ್ಚಿದ. ನೀಲಿ, ಅದರ ಮೇಲೆ ಹಳದಿ, ಪಕ್ಕದಲ್ಲಿ ಒಂದು ಉದ್ದದ ಗೆರೆ. ನಾನು ಹತ್ತಿರ ಹೋಗಿ ಪ್ರೀತಿಯಿಂದಲೇ ಕೇಳಿದೆ, “ಇದೆಂತ ಮಗಾ?”

ಅವನು ಕಾಗದ ನೋಡಿದ. ನನ್ನ ಮುಖ ನೋಡಿದ. ಮತ್ತೆ ಕಾಗದ ನೋಡಿದ. ಆಮೇಲೆ ಬ್ರಷ್ಷನ್ನು ಕಪ್ಪು ಬಣ್ಣಕ್ಕೆ ಅದ್ದಿ ಎಲ್ಲದರ ಮೇಲೆ ಬಳಿದುಬಿಟ್ಟ. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ. ಆ ದಿನ ಮತ್ತೆ ಬಣ್ಣ ಮುಟ್ಟಲಿಲ್ಲ.

ಆ ಕಪ್ಪು ಕಾಗದ ಈಗಲೂ ನನ್ನ ಕಪಾಟಿನಲ್ಲಿದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಕಪ್ಪಿನ ಅಡಿಯಲ್ಲಿ ಆ ಉದ್ದದ ಗೆರೆ ಉಬ್ಬಿ ಕಾಣುತ್ತದೆ.

ನಮ್ಮ ಮನೆ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಕಡೆ, ರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿದೆ. ಶಾಲೆಯ ಕೆಲಸ ಬಿಟ್ಟ ಮೇಲೆ ಭಾನುವಾರ ಬೆಳಗ್ಗೆ ಅಕ್ಕಪಕ್ಕದ ಮಕ್ಕಳನ್ನು ಕರೆಯತೊಡಗಿದೆ. ಮೂರರಿಂದ ಆರು ವರ್ಷದವರು. ಎಂಟು ಮಂದಿಗಿಂತ ಜಾಸ್ತಿ ಸೇರಿಸಿಕೊಳ್ಳುವುದಿಲ್ಲ, ನನ್ನ ಕಣ್ಣು ಅಷ್ಟು ಮಕ್ಕಳ ಮೇಲೆ ಮಾತ್ರ ಸರಿಯಾಗಿ ನಿಲ್ಲುತ್ತದೆ. ಈ ಎಂಟು ಮಂದಿಯ ಮನೆಗಳಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಬ್ಯಾರಿ, ಕರಾಡ ಮರಾಠಿ ಎಲ್ಲ ಇದೆ. ಕಾಸರಗೋಡಿಗೆ ಸಪ್ತಭಾಷೆಗಳ ಊರು ಎನ್ನುತ್ತಾರಲ್ಲ, ಅದರಲ್ಲಿ ಐದು ನನ್ನ ಜಗಲಿಗೇ ಬರುತ್ತವೆ.

ಆ ಕಪ್ಪು ಕಾಗದದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಗದರಿರಲಿಲ್ಲ. ಕೆಟ್ಟದಾಗಿದೆ ಎಂದಿರಲಿಲ್ಲ. ಆದರೂ ಮಗು ತಾನು ಮಾಡಿದ್ದನ್ನು ಅಳಿಸಿಹಾಕಿತು. ಯಾಕೆ? ಯೋಚಿಸುತ್ತಾ ಹೋದ ಹಾಗೆ ನನ್ನ ಪ್ರಶ್ನೆಯೇ ಗಂಟಲಲ್ಲಿ ಸಿಕ್ಕಿಕೊಂಡಿತು. ಇದೆಂತ? ಅದು ಏನೋ ಒಂದು ಆಗಿರಲೇಬೇಕು ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಅವನ ಮಟ್ಟಿಗೆ ಅದು ನೀಲಿಯಾಗಿತ್ತು, ಹಳದಿಯಾಗಿತ್ತು, ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದದ್ದಾಗಿತ್ತು. ಅದಕ್ಕೆ ಹೆಸರು ಎಲ್ಲಿಂದ ತರುವುದು?

ಬ್ರಷ್ ಕೊಟ್ಟ ಕೂಡಲೇ ನಾವು ದೊಡ್ಡವರು ಚಿತ್ರಕ್ಕಾಗಿ ಕಾಯಲು ಶುರುಮಾಡುತ್ತೇವೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ, ಹೆಂಚಿನ ಮನೆ. ನಾನೂ ಶಾಲೆಯಲ್ಲಿ ಬಣ್ಣ ತುಂಬುವ ಸ್ಪರ್ಧೆಗಳಿಗೆ ತೀರ್ಪುಗಾರ್ತಿಯಾಗಿ ಕೂತವಳು. ಗೆರೆಯ ಹೊರಗೆ ಬಣ್ಣ ಹೋದದ್ದಕ್ಕೆ ಅಂಕ ಕಳೆದವಳು. ಐದು ವರ್ಷದ ಮಕ್ಕಳಿಗೆ! ಈಗ ನೆನೆದರೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ ಕೈಯದ್ದು. ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿರುತ್ತವೆ. ಹುಟ್ಟಿದ ಮಗುವಿನ ಮಣಿಕಟ್ಟಿನಲ್ಲಿ ಅವೆಲ್ಲ ಮೆತ್ತಗಿನ ಮೃದ್ವಸ್ಥಿ ಮಾತ್ರ, ಎಕ್ಸ್‌ರೇ ತೆಗೆದರೆ ಅಲ್ಲಿ ಖಾಲಿ ಜಾಗ ಕಾಣುತ್ತದೆ. ವರ್ಷ ಹೋದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯದು ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 8ರಿಂದ 12 ವರ್ಷ ಆಗಬೇಕು. ಮೂರು ವರ್ಷದ ಮಗು ಬ್ರಷ್ಷನ್ನು ಮುಷ್ಟಿಯಲ್ಲಿ ಒನಕೆ ಹಿಡಿದ ಹಾಗೆ ಹಿಡಿಯುತ್ತದೆ, ಭುಜದಿಂದ ಆಡಿಸುತ್ತದೆ. ಅದು ಆ ವಯಸ್ಸಿನ ಕೈ. ಸಪೂರ ಕೋಲನ್ನು ಮೂರು ಬೆರಳಲ್ಲಿ ಹಿಡಿ ಎಂದು ಪದೇ ಪದೇ ತಿದ್ದುವುದು, ಇನ್ನೂ ಕಟ್ಟುತ್ತಿರುವ ಮನೆಯಲ್ಲಿ ಒಕ್ಕಲು ಕೂರಿಸಿದ ಹಾಗೆ. ಅದೇ ಮಗುವಿನ ಕೈಗೆ ಅರ್ಧ ಮಾಡಿದ ಬಟಾಟೆ ಕೊಡಿ. ಮುಷ್ಟಿ ತುಂಬ ಹಿಡಿದು ಒತ್ತುತ್ತದೆ. ಎಷ್ಟು ಖುಷಿಯಿಂದ ಒತ್ತುತ್ತದೆ!

ಮುಂದಿನ ಭಾನುವಾರ ನಾನು ಬ್ರಷ್ ಹೊರಗೆ ತೆಗೆಯಲಿಲ್ಲ. ಅತ್ತೆ ಅಡಿಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದರು. ತೊಟ್ಟಿನ ಕಡೆಯ ತುಂಡುಗಳು ಮೊರದಲ್ಲಿ ಬಿದ್ದಿದ್ದವು. ಹಾಗೇ ತಂದು ಬಣ್ಣದ ತಟ್ಟೆಯ ಪಕ್ಕ ಇಟ್ಟೆ. ಏನೂ ಹೇಳಲಿಲ್ಲ. ಒಬ್ಬಳು ತೆಗೆದು ಬಣ್ಣಕ್ಕೆ ಅದ್ದಿ ಒತ್ತಿದಳು. ಐದು ಎಸಳಿನ ಹೂ ಬಂತು. ಅವಳು ಬೆಂಡೆಕಾಯಿಯನ್ನು ತಿರುಗಿಸಿ ಅದರ ಮುಖ ನೋಡಿದಳು. ಕಾಗದ ನೋಡಿದಳು. ಮತ್ತೆ ಬೆಂಡೆಕಾಯಿ ನೋಡಿದಳು. ಆ ಹುಡುಗನೂ ಹೀಗೇ ಅಲ್ವಾ ಮೂರು ಸಲ ನೋಡಿದ್ದು? ಅವನ ನಡುವಿನ ನೋಟ ನನ್ನ ಮುಖದ ಮೇಲೆ ಬಿದ್ದಿತ್ತು. ಇವಳಿಗೆ ನನ್ನ ಮುಖ ಬೇಕಾಗಲೇ ಇಲ್ಲ.

ಅಲ್ಲಿಂದ ಹಿತ್ತಲೇ ನಮ್ಮ ಅಂಗಡಿ. ಬಾಳೆ ಎಲೆಯ ದಂಟನ್ನು ಅಡ್ಡ ಕತ್ತರಿಸಿ ನೋಡಿದ್ದೀರಾ? ಅರ್ಧಚಂದ್ರದ ಆಕಾರ, ಒಳಗೆ ಜೇನುಗೂಡಿನ ಹಾಗೆ ಗಾಳಿಯ ಕೋಣೆಗಳು. ತೆಳುವಾಗಿ ಬಣ್ಣ ಸವರಿ ಒತ್ತಿದರೆ ಒಂದೊಂದು ಕೋಣೆಯೂ ಕಾಗದದ ಮೇಲೆ ಬರುತ್ತದೆ. ಬಣ್ಣ ಜಾಸ್ತಿಯಾದರೆ ಎಲ್ಲ ಮುಚ್ಚಿ ಬರೀ ಚಂದ್ರ. ಎಷ್ಟು ಬಣ್ಣ ಸಾಕು ಎಂಬುದನ್ನು ನಾನು ಹೇಳಿಕೊಡಬೇಕಾಗಿಲ್ಲ, ದಂಟೇ ಹೇಳುತ್ತದೆ. ಒಣಗಿದ ಅಡಿಕೆ ಸಿಪ್ಪೆಯ ನಾರು ಎಳೆದರೆ ಮಳೆಯ ಹಾಗೆ ಗೆರೆಗಳು. ಸೇಮಿಗೆ ಒತ್ತುವ ಮಣೆಯ ಅಚ್ಚಿನಿಂದ ಸಾಲು ಸಾಲು ಚುಕ್ಕಿ (ಅತ್ತೆಗೆ ಹೇಳಿ, ಹಳೆಯದೊಂದನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ). ಬಾಳೆಯ ನಾರನ್ನು ಬಣ್ಣದಲ್ಲಿ ನೆನೆಸಿ, ಮಡಚಿದ ಕಾಗದದ ನಡುವೆ ಇಟ್ಟು ಮೆಲ್ಲ ಎಳೆದರೆ ಎರಡೂ ಕಡೆ ಒಂದೇ ಥರದ ಸುರುಳಿ.

ಉರುಳಿಸುವ ಆಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಿಸ್ಕತ್ತಿನ ತಗಡಿನ ಡಬ್ಬಿಯ ತಳಕ್ಕೆ ಕಾಗದ ಹಾಸಿ, ಬಣ್ಣಕ್ಕೆ ಅದ್ದಿದ ಹೊನ್ನೆಕಾಯಿ ಹಾಕಿ ಡಬ್ಬಿ ಓಲಾಡಿಸುವುದು. ಹೊನ್ನೆಕಾಯಿ ಗೋಲಿಯ ಹಾಗೆ ಗುಂಡಗೆ, ನೇರ ಗೆರೆ ಎಳೆಯುತ್ತದೆ. ಒಂದು ದಿನ ಹೊನ್ನೆಕಾಯಿ ಸಾಕಾಗಲಿಲ್ಲ. ಒಬ್ಬ ಹುಡುಗ ಅಂಗಳಕ್ಕೆ ಹೋಗಿ ಒಂದು ಚಾಲಿ ಅಡಿಕೆ ಹೆಕ್ಕಿ ತಂದು ಹಾಕಿದ. ಅದು ನೇರ ಹೋಗಲಿಲ್ಲ. ಒಂದು ಬದಿ ಚಪ್ಪಟೆ ಅಲ್ವಾ, ಬಾಗಿ ಬಾಗಿ ಹೋಗಿ ಬಿಲ್ಲಿನ ಹಾಗೆ ಗೆರೆ ಬಿಟ್ಟಿತು. “ಟೀಚರೇ, ಇದಕ್ಕೆ ಕುಂಟು ಕಾಲು” ಎಂದು ಕೂಗಿದ. ಆಮೇಲೆ ಅರ್ಧ ಗಂಟೆ ಅವರ ಸಂಶೋಧನೆ ನಡೆಯಿತು. ಅಡಿಕೆ ತಿರುಗಿಸಿ ಹಾಕಿದರೆ ಹೇಗೆ? ಎರಡು ಅಡಿಕೆ ಹಾಕಿದರೆ? ಡಬ್ಬಿ ಒಂದೇ ಬದಿಗೆ ಓರೆ ಮಾಡಿದರೆ? ನಾನು ಒಂದು ಮಾತೂ ಆಡದೆ ಕೂತಿದ್ದೆ. ಅಷ್ಟು ಸಂತೋಷದ ಅರ್ಧ ಗಂಟೆ ನನ್ನ ಇಷ್ಟು ವರ್ಷದ ಟೀಚರ್ ಕೆಲಸದಲ್ಲಿ ಕಡಿಮೆ.

ಮೂರೂವರೆ ವರ್ಷದ ಒಬ್ಬಳು ಬರುತ್ತಿದ್ದಳು. ಮನೆಮಾತು ಮಲಯಾಳ. ನಮ್ಮ ಜಗಲಿಯಲ್ಲಿ ಕನ್ನಡ, ತುಳು ಕೇಳಿ ಕೇಳಿ ಗಾಬರಿಯೋ ಏನೋ, ಐದು ವಾರ ಬಾಯಿ ಬಿಡಲಿಲ್ಲ. ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಆರನೆಯ ವಾರ ಹಲಸಿನಕಾಯಿಯ ಹೊರಸಿಪ್ಪೆಯ ತುಂಡುಗಳನ್ನು ತಂದಿಟ್ಟೆ. ಮೇಣ ಅಂಟಬಾರದೆಂದು ತುಂಡಿನ ಒಳಬದಿಗೆ ಬೂದಿ ಉಜ್ಜಿ, ಎರಡು ದಿನ ಬಿಸಿಲಿಗೆ ಇಟ್ಟಿದ್ದೆ. ಮುಳ್ಳಿನ ಬದಿ ಒತ್ತಿದರೆ ಒತ್ತೊತ್ತಾಗಿ ಚುಕ್ಕಿ ಬರುತ್ತದೆ. ತಟ್ಟೆ ನೋಡಿದ್ದೇ ತಡ, ಆ ಮಗು ಎದ್ದು ಬಂದು ಬೆರಳು ತೋರಿಸಿ ಗಟ್ಟಿಯಾಗಿ ಹೇಳಿತು, “ಚಕ್ಕ!”

“ಅಲ್ಲ, ಪೆಲಕಾಯಿ” ಎಂದ ತುಳು ಮನೆಯವನು. “ಫಣಸ” ಎಂದಳು ಇನ್ನೊಬ್ಬಳು. “ಹಲಸಿನಕಾಯಿ” ಎಂದು ಮತ್ತೊಬ್ಬ. ಜಗಳ ಆಗುತ್ತದೇನೋ ಎಂದುಕೊಂಡೆ. ಆಗಲಿಲ್ಲ. ನಾಲ್ಕೂ ಹೆಸರನ್ನು ಹಾಡಿನ ಹಾಗೆ ಕೂಗುತ್ತಾ ತಾಳಕ್ಕೆ ಸರಿಯಾಗಿ ಸಿಪ್ಪೆ ಒತ್ತಿದರು. ಚಕ್ಕ, ಪೆಲಕಾಯಿ, ಫಣಸ, ಹಲಸು. ಬ್ರಷ್‌ಗೆ ಎಲ್ಲರ ಮನೆಯಲ್ಲೂ ಬ್ರಷ್ ಎಂದೇ ಹೆಸರು. ಹಲಸಿಗೆ ಹಾಗಲ್ಲ. ಆ ಮಗುವಿಗೆ ಮಾತಾಡಲು ತನ್ನ ಮನೆಯ ಒಂದು ವಸ್ತು ಸಿಕ್ಕಿತು ಎಂದೇ ನಾನು ನಂಬಿದ್ದೇನೆ. ಈಗ ಅವಳ ಬಾಯಿ ಮುಚ್ಚಿಸುವುದೇ ಕಷ್ಟ.

ಬಣ್ಣವನ್ನೂ ಆದಷ್ಟು ಮನೆಯಲ್ಲೇ ಮಾಡುತ್ತೇವೆ. ಒಂದು ಲೋಟ ಮೈದಾಕ್ಕೆ ಮೂರು ಲೋಟ ನೀರು, ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಬರುವ ತನಕ ಕಾಯಿಸುವುದು. ತಣಿದ ಮೇಲೆ ಬೇರೆ ಬೇರೆ ಬಟ್ಟಲಿಗೆ ಹಾಕಿ ಬಣ್ಣ ಸೇರಿಸುವುದು. ನಮ್ಮ ಸೆಕೆಗೆ ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ, ಹಾಗಾಗಿ ಆಯಾ ದಿನ ಮಾಡಿದರೇ ಒಳ್ಳೆಯದು. ಹಳದಿಗೆ ಅರಶಿನ. ನೇರಳೆಗೆ ಬಸಳೆಯ ಹಣ್ಣು. ಕಪ್ಪಿಗೆ ಅರೆದ ಇದ್ದಿಲು. ನೀಲಿಗೆ ಶಂಖಪುಷ್ಪ ಕುದಿಸಿದ ನೀರು. ಅದಕ್ಕೆ ಎರಡು ತೊಟ್ಟು ಲಿಂಬೆ ಹಿಂಡಿದರೆ ಕಣ್ಣೆದುರೇ ನೇರಳೆಗೆ ತಿರುಗುತ್ತದೆ. ಮಕ್ಕಳು ಇದನ್ನು ಎಷ್ಟು ಸಲ ಬೇಕಾದರೂ ನೋಡುತ್ತಾರೆ.

ಕೆಂಪಿಗೆ ನಮ್ಮ ಮಣ್ಣು. ತೆಳು ಬಟ್ಟೆಯಲ್ಲಿ ಸೋಸಿದರೆ ಎಷ್ಟು ನುಣ್ಣಗಾಗುತ್ತದೆ! ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಲಕ್ಷಾಂತರ ವರ್ಷ ಮಳೆ ಬಿದ್ದು ಕರಗುವುದೆಲ್ಲ ಕರಗಿ ಹೋಗಿ, ಉಳಿದ ಕಬ್ಬಿಣದ ಅಂಶವೇ ಈ ಕೆಂಪು. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಮಲಬಾರು, ಕೆನರಾ ಎಲ್ಲ ಸುತ್ತಿದವನು. ಮಲಪ್ಪುರದ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಕೊಟ್ಟ. ಅವನ ಪ್ರವಾಸದ ಬರಹ 1807ರಲ್ಲಿ ಅಚ್ಚಾಯಿತು. ಮಕ್ಕಳಿಗೆ ಇಷ್ಟೆಲ್ಲ ಹೇಳುವುದಿಲ್ಲ. ಮಳೆ ತೊಳೆದು ತೊಳೆದು ಉಳಿಸಿದ ಬಣ್ಣ ಎಂದು ಮಾತ್ರ ಹೇಳುತ್ತೇನೆ.

ಅರಶಿನದ ದಿನ ಕೈ ತೊಳೆಯುವುದೇ ಒಂದು ಹಬ್ಬ. ಹಳದಿ ಕೈಗೆ ಸಾಬೂನು ತಾಗಿದ ಕೂಡಲೇ ಕೆಂಪು! ಸಾಬೂನಿನ ಕ್ಷಾರ ಅರಶಿನವನ್ನು ಕೆಂಪು ಮಾಡುತ್ತದೆ. ಮದುವೆಯ ಓಕುಳಿಗೆ ಅರಶಿನ ನೀರಿಗೆ ಸುಣ್ಣ ಹಾಕಿ ಕದಡುತ್ತಾರಲ್ಲ, ಅದೇ ಕೆಲಸ. ಇದನ್ನು ಓದುತ್ತಿರುವ ಅಮ್ಮಂದಿರಿಗೆ ಒಂದು ಮಾತು: ಅಂಗಿಯ ಅರಶಿನದ ಕಲೆಯನ್ನು ಉಜ್ಜಿ ಉಜ್ಜಿ ಸುಸ್ತಾಗಬೇಡಿ. ಒಮ್ಮೆ ಒಗೆದು ಒಳ್ಳೆ ಬಿಸಿಲಿಗೆ ಹಾಕಿ. ಬಿಸಿಲೇ ಅದನ್ನು ತಿನ್ನುತ್ತದೆ. ಕೆಂಪು ಮಣ್ಣಿನ ಕಲೆಗೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಹಳೆ ಅಂಗಿ ಹಾಕಿಯೇ ಕಳಿಸಿ.

ಕೆಲವು ವಸ್ತುಗಳನ್ನು ನಾನು ಹತ್ತಿರ ಬಿಡುವುದಿಲ್ಲ. ಹಸಿ ಗೇರುಬೀಜ ಬೇಡವೇ ಬೇಡ. ಅದರ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ನಮ್ಮೂರಲ್ಲಿ ಇದು ಗೊತ್ತಿಲ್ಲದವರಿಲ್ಲ. ಗುಲಗಂಜಿ ನೋಡಲು ಎಷ್ಟು ಚಂದ, ಆದರೆ ಬೀಜ ವಿಷ. ಸುಣ್ಣ ಮುಟ್ಟುವುದು ನಾನೊಬ್ಬಳೇ. ಸಣ್ಣವರು ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ, ಹಾಗಾಗಿ ಹೊನ್ನೆಕಾಯಿ, ಅಡಿಕೆಯ ಆಟ ನಾಲ್ಕು ದಾಟಿದವರಿಗೆ ಮಾತ್ರ. ಆಗಲೂ ಲೆಕ್ಕ ಮಾಡಿ ಕೊಡುತ್ತೇನೆ, ಲೆಕ್ಕ ಮಾಡಿ ತೆಗೆದುಕೊಳ್ಳುತ್ತೇನೆ.

ಬ್ರಷ್ ಇಲ್ಲದೆ ಬಣ್ಣ ಹಚ್ಚುವುದು ಏನೋ ಹೊಸ ವಿದ್ಯೆ ಎಂದು ಮೊದಮೊದಲು ನನಗೂ ಅನಿಸಿತ್ತು. ಫೋನಿನಲ್ಲಿ ಹುಡುಕಿದರೆ ದೂರದ ದೇಶಗಳ ಚಂದ ಚಂದದ ಜಗಲಿಗಳು ಕಾಣುತ್ತವೆ. ಆದರೆ ಒಂದು ಸಂಜೆ ಮಗು ಲೋಟದ ಬಾಯಿ ಅದ್ದಿ ವೃತ್ತ ಒತ್ತುವುದನ್ನು ನೋಡುತ್ತಿದ್ದಾಗ ಅಜ್ಜ ನೆನಪಾದರು. ದೀಪಾವಳಿಯ ಗೋಪೂಜೆಯ ದಿನ ಅಜ್ಜ ಅಕ್ಕಿಹಿಟ್ಟು ಕಲಸಿ, ಅದರಲ್ಲಿ ಕುಡ್ತೆಯ (ಅಳತೆಯ ಸಣ್ಣ ಪಾತ್ರೆ) ಬಾಯಿ ಅದ್ದಿ, ದನಗಳ ಮೈಮೇಲೆ ಒತ್ತುತ್ತಿದ್ದರು. ಕಪ್ಪು ದನದ ಹೊಟ್ಟೆಯ ಮೇಲೆ ಬೆಳ್ಳಗಿನ ಬಳೆಗಳು. ದನ ಚರ್ಮ ನಡುಗಿಸಿದರೆ ಬಳೆಗಳೂ ನಡುಗುತ್ತಿದ್ದವು. ನನಗೂ ಒಂದು ಕುಡ್ತೆ ಕೊಡುತ್ತಿದ್ದರು. ಕರುವಿನ ಮೈ ನನ್ನ ಪಾಲಿಗೆ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂದು ಅಜ್ಜ ಒಮ್ಮೆಯೂ ಹೇಳಲಿಲ್ಲ. ಕರು ಓಡಿಹೋಗದ ಹಾಗೆ ಹಗ್ಗ ಹಿಡಿದುಕೊಂಡು ನಿಲ್ಲುತ್ತಿದ್ದರು, ಅಷ್ಟೇ.

ಯಕ್ಷಗಾನದವರು ವೇಷ ಕಟ್ಟುವ ಚೌಕಿಯ ನೆನಪೂ ಬಂತು. ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು, ಯಕ್ಷಗಾನದ ಆಟ ನೋಡದೆ ಬೆಳೆದವರು ಕಡಿಮೆ. ದೊಡ್ಡಪ್ಪ ಒಮ್ಮೆ ನನ್ನನ್ನು ಚೌಕಿಗೆ ಕರೆದುಕೊಂಡು ಹೋಗಿದ್ದರು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಕನ್ನಡಿಯ ಎದುರು ಕೂತು ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಅರೆದ ಹಿಟ್ಟು, ಒಂದು ಸಣ್ಣ ಕಡ್ಡಿ. ಕಡ್ಡಿಯ ತುದಿಯಿಂದ ಒಂದು ಚುಕ್ಕಿ, ಅದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಖದ ಮೇಲೆ ಬೆಳ್ಳಗಿನ ಮುಳ್ಳುಗಳು ಏಳುತ್ತಾ ಹೋಗುತ್ತವೆ. ಗಂಟೆಗಟ್ಟಲೆ ಕೂರಬೇಕು. ಇಲ್ಲಿಂದ ತೆಂಕಕ್ಕೆ ಹೋದರೆ ತೆಯ್ಯಂ ಎಂಬ ದೈವದ ವೇಷ ಕಟ್ಟುವವರ ಮುಖಕ್ಕೂ ತೆಂಗಿನ ಗರಿಯ ಕಡ್ಡಿಯಲ್ಲೇ ಸೂಕ್ಷ್ಮದ ಗೆರೆ ಎಳೆಯುತ್ತಾರೆ. ಮಲಯಾಳದಲ್ಲಿ ಅದಕ್ಕೆ ಮುಖತ್ತೆಳುತ್ತ್ ಎನ್ನುತ್ತಾರೆ, ಮುಖದ ಮೇಲಿನ ಬರಹ. ಇಷ್ಟೆಲ್ಲ ನಮ್ಮ ಸುತ್ತ ಇರುವಾಗ ನಾನು ಬ್ರಷ್ಷಿಗೆಂದು ಪೇಟೆಗೆ ಬಸ್ಸು ಹತ್ತಿದ್ದೆ.

ಮಳೆಗಾಲದಲ್ಲಿ ಕಾಗದದ್ದೇ ಕಷ್ಟ. ಜುಲೈಯಲ್ಲಿ ಎರಡು ದಿನವಾದರೂ ಬಣ್ಣ ಒಣಗುವುದಿಲ್ಲ, ಮೂರನೆಯ ದಿನ ಬೂಷ್ಟು. ಆಗ ಕೈ ಹಿಡಿದದ್ದು ಇನ್ನೊಂದು ಹಾಳೆ. ನಮ್ಮಲ್ಲಿ ಹಾಳೆ ಎಂದರೆ ಎರಡು, ಬರೆಯುವುದು ಒಂದು, ಅಡಿಕೆ ಮರದಿಂದ ಬೀಳುವುದು ಇನ್ನೊಂದು. ಬೇಸಗೆಯಲ್ಲಿ ಒಣಗಿಸಿ ಅಟ್ಟದಲ್ಲಿ ಇಟ್ಟ ಹಾಳೆಗಳನ್ನು ಇಳಿಸಿ ಒಳಬದಿಗೆ ಬಣ್ಣ ಒತ್ತಿದೆವು. ಕೆನೆಯ ಬಣ್ಣದ ಹೊಳಪು ಮೈ, ಎಷ್ಟು ಒದ್ದೆಯಾದರೂ ಹರಿಯುವುದಿಲ್ಲ. ಮುಗಿದ ಮೇಲೆ ಅದನ್ನೇ ಅಂಗಳಕ್ಕೆ ಇಟ್ಟು ಮಳೆಯಲ್ಲಿ ಬಣ್ಣ ಇಳಿದು ಹೋಗುವುದನ್ನು ಸಾಲಾಗಿ ಕೂತು ನೋಡಿದರು. ಒಬ್ಬರೂ ಅಳಲಿಲ್ಲ. ಮನೆಗೆ ಒಯ್ದು ತೋರಿಸಲು ಏನೂ ಉಳಿಯಲಿಲ್ಲ ಎಂದು ಬೇಸರ ಆದದ್ದು ತಾಯಂದಿರಿಗೆ.

ತಾಯಂದಿರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. “ಟೀಚರೇ, ಒಂದನೇ ಕ್ಲಾಸಿಗೆ ಹೋಗುವಾಗ ಪೆನ್ಸಿಲ್ ಹಿಡಿಯಲು ಬರುವುದು ಬೇಡವಾ?” ಎಂದು ಒಬ್ಬರು ಕೇಳಿದರು. ನ್ಯಾಯದ ಪ್ರಶ್ನೆ. ಒತ್ತುವುದು, ಹಿಂಡುವುದು, ನಾರು ಎಳೆಯುವುದು, ಎರಡು ಬೆರಳಲ್ಲಿ ಬೆಂಡೆಯ ತೊಟ್ಟು ಹಿಡಿಯುವುದು, ಇವೆಲ್ಲ ಪೆನ್ಸಿಲಿಗೆ ಬೇಕಾದ ಬಲವನ್ನೇ ಬೆರಳಿಗೆ ಕೊಡುತ್ತವೆ ಎಂದು ಹೇಳಿದೆ. ಅವರನ್ನೂ ಜಗಲಿಯಲ್ಲಿ ಕೂರಿಸಿದೆ. ಅವರ ಮಗಳು ತೆಂಗಿನ ನಾರಿನ ಕಟ್ಟನ್ನು ತಾನೇ ಬಿಗಿಯಲು ಹತ್ತು ನಿಮಿಷ ಒದ್ದಾಡಿದಳು. ಬಿಚ್ಚಿತು, ಮತ್ತೆ ಕಟ್ಟಿದಳು. ತಾಯಿ ಎರಡು ಸಲ ಕೈ ಮುಂದೆ ಮಾಡಿ ಹಿಂದೆ ತೆಗೆದುಕೊಂಡರು. ಆ ಹತ್ತು ನಿಮಿಷದ ನಂತರ ಅವರು ಪೆನ್ಸಿಲಿನ ಮಾತು ಎತ್ತಲಿಲ್ಲ.

ಬ್ರಷ್‌ಗಳನ್ನು ಬಿಸಾಡಿಲ್ಲ. ಅವೂ ಈಗ ತಟ್ಟೆಯಲ್ಲಿ ಇರುತ್ತವೆ, ಅಡಿಕೆ ಸಿಪ್ಪೆಯ ಪಕ್ಕದಲ್ಲಿ. ಬೇಕಾದವರು ತೆಗೆದುಕೊಳ್ಳುತ್ತಾರೆ. ಹಿಡಿಯ ತುದಿಯಿಂದ ಚುಕ್ಕಿ ಇಡುವವರೇ ಜಾಸ್ತಿ. ನಾನು ಬದಲಿಸಿದ್ದು ಮುಖ್ಯವಾಗಿ ನನ್ನ ಪ್ರಶ್ನೆಯನ್ನು. ಈಗ ಕೇಳಲೇಬೇಕೆನಿಸಿದರೆ “ಹೇಗೆ ಮಾಡಿದ್ದು?” ಎನ್ನುತ್ತೇನೆ. ಈ ಪ್ರಶ್ನೆಗೆ ಎಲ್ಲ ಮಕ್ಕಳ ಹತ್ತಿರವೂ ಉತ್ತರ ಇರುತ್ತದೆ. ಉದ್ದದ ಉತ್ತರ, ಕೈ ಸನ್ನೆಯ ಜೊತೆಗೆ.

ಕಪ್ಪು ಬಳಿದ ಹುಡುಗನಿಗೆ ಈಗ ಆರು. ಬಾಳೆ ದಂಟು ತಂದ ಮೂರನೆಯ ವಾರ ಅವನು ಮೆಟ್ಟಿಲಿಂದ ಇಳಿದು ಬಂದು ಸೇರಿಕೊಂಡಿದ್ದ. ಈ ಮಾರ್ಚಿಯಲ್ಲಿ ಒಂದು ಭಾನುವಾರ ಪಪ್ಪಾಯಿ ಎಲೆಯ ದಂಟು ಹಿಡಿದುಕೊಂಡು ಬಂದ. ಒಳಗೆ ಟೊಳ್ಳಲ್ವಾ, ಒತ್ತಿದರೆ ಉಂಗುರ ಬರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಹಾಲು ಇಳಿಯಲು ಬಿಟ್ಟು, ಚೆನ್ನಾಗಿ ತೊಳೆದು ಕೊಟ್ಟೆ. ಅವನು ಉಂಗುರ ಒತ್ತಲಿಲ್ಲ. ಕಾಗದದ ಮೇಲೆ ಕೆಂಪು ಮಣ್ಣಿನ ನೀರು ಸುರಿದು, ಗೋಡೆಗೆ ಒರಗಿಸಿ, ದಂಟಿನಿಂದ ಊದಿದ. ನೀರು ಕಾಗದ ದಾಟಿ ಬಿಳಿ ಗೋಡೆಯ ಮೇಲೆ ಹರಿಯಿತು. ಕವಲಾಗಿ, ಆ ಕವಲು ಮತ್ತೆ ಕವಲಾಗಿ, ಮೊಣಕೈಯಷ್ಟು ಎತ್ತರಕ್ಕೆ. ಅವನು ಹೆದರಿ ನನ್ನ ಮುಖ ನೋಡಿದ. “ಇನ್ನೊಮ್ಮೆ ಊದು” ಎಂದೆ.

ವಿಷುವಿಗೆ ಮೊದಲು ಮನೆಗೆ ಬಣ್ಣ ಹೊಡೆಯಲು ಊರಿನವರೇ ಒಬ್ಬರು ಬಂದಿದ್ದರು. ಜಗಲಿಯ ಗೋಡೆಯ ಹತ್ತಿರ ಬಂದು ನಿಂತರು. ಕೈಯಲ್ಲಿ ಅಗಲದ ಬ್ರಷ್ಷು.

“ಅಕ್ಕಾ, ಇದೆಂತ?”

“ಪಪ್ಪಾಯಿ ದಂಟಿನಲ್ಲಿ ಊದಿದ್ದು. ಮಣ್ಣಿನ ನೀರು.”

ಅವರು ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟರು. ಕುಕ್ಕರುಗಾಲಲ್ಲಿ ಕೂತು, ಕೆಂಪು ಗೆರೆ ಶುರುವಾದಲ್ಲಿಂದ ಮೇಲಿನ ತುದಿಯ ತನಕ ಬೆರಳು ಆಡಿಸಿದರು. “ಊದಿದ್ದಾ?” ಎಂದು ಮತ್ತೊಮ್ಮೆ ಕೇಳಿದರು. ಆಮೇಲೆ ಆ ಭಾಗ ಬಿಟ್ಟು ಉಳಿದ ಗೋಡೆಗೆ ಬಣ್ಣ ಹೊಡೆದರು.